ದುಡಿದ ಹಡಗು ವಿಹಾರನೌಕೆಯಾಗುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾರವಾರದ ಬೈತಖೋಲ ಬಂದರಿನ ಮಗ್ಗುಲಲ್ಲೇ ಬೆಳೆದವನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊರದೇಶದ ಶಿಪ್‌ಯಾರ್ಡ್‌ಗಳಲ್ಲಿ ಕೆಲಸ ಮಾಡಿದೆ. ಟಗ್, ಸಪ್ಲೈ ಹಡಗು, ಟ್ರಾಲರ್‌ಗಳನ್ನು ಎಕ್ಸ್‌ಪ್ಲೋರರ್ ಯಾಟ್‌ಗಳಾಗಿ ಬದಲಿಸುವುದೇ ನಮ್ಮ ತಂಡದ ಕೆಲಸವಾಗಿತ್ತು. ಟಗ್ ಎಂದರೆ ದೊಡ್ಡ ಹಡಗುಗಳನ್ನು ಎಳೆಯುವ ಹಡಗು, ಸಪ್ಲೈ ಹಡಗು ಕಡಲ ತೈಲಬಾವಿಗಳಿಗೆ ಸಾಮಾನು ಒಯ್ಯುವಂಥದ್ದು, ಟ್ರಾಲರ್ ಬಲೆ ಎಳೆದು ಮೀನು ಹಿಡಿಯುವಂಥದ್ದು. ಊರಿಗೆ ಬಂದಾಗಲೆಲ್ಲ ಜಟ್ಟಿಯ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ, ಶಿರಸಿಯ ನೆಂಟರ ಅಂಗಳದಲ್ಲಿ ಜನ ಇದರ ಬಗ್ಗೆ ಕೇಳುತ್ತಾರೆ. ಕೆಲವರು ಪತ್ರವನ್ನೂ ಬರೆದಿದ್ದಾರೆ. ಅವರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಗಡಸಿನವು ಆಮೇಲೆ.

## ಶುರುವಿನ ಪ್ರಶ್ನೆಗಳು

ಎಕ್ಸ್‌ಪ್ಲೋರರ್ ಯಾಟ್ ಅಂದ್ರೆ ಎಂತದು? ದುಡ್ಡಿದ್ದವರ ದೊಡ್ಡ ಬೋಟು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಸಾಮಾನ್ಯ ಯಾಟ್ ಒಂದು ಬಂದರಿನಿಂದ ಹತ್ತಿರದ ಇನ್ನೊಂದಕ್ಕೆ ಹೋಗಿ ಸಂಜೆಗೆ ಲಂಗರು ಹಾಕುತ್ತದೆ. ಎಕ್ಸ್‌ಪ್ಲೋರರ್ ಹಾಗಲ್ಲ. ಡೀಸೆಲ್, ನೀರು, ದಿನಸಿ, ಬಿಡಿಭಾಗ ಎಲ್ಲವನ್ನೂ ಹೊತ್ತುಕೊಂಡು, ವಾರಗಟ್ಟಲೆ ಬಂದರಿನ ಮುಖ ನೋಡದೆ, ಅಂಟಾರ್ಕ್ಟಿಕದಂಥ ಕಡೆಗೂ ಹೋಗಿ ಬರಬೇಕು. ಗಾಳಿ ಎದ್ದರೆ ಓಡಿಹೋಗಿ ಅಡಗಲು ಅಲ್ಲಿ ಜಾಗವಿರುವುದಿಲ್ಲ, ತಡೆದುಕೊಂಡೇ ನಿಲ್ಲಬೇಕು. ಒಳಗಿನ ಸೋಫಾ, ಈಜುಕೊಳ ಆಮೇಲಿನ ಮಾತು. ಈ ತಾಳಿಕೆ ಇಲ್ಲದ ನೌಕೆಯನ್ನು ಎಕ್ಸ್‌ಪ್ಲೋರರ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಷ್ಟು ದುಡ್ಡಿದ್ರೆ ಹೊಸದೇ ಕಟ್ಟಬಾರದಾ? ಹಳೇ ಹಡಗಿಗೆ ಯಾಕೆ ಗಂಟುಬೀಳೋದು?

ಹಳೆಯ ಹಡಗಿನಲ್ಲಿ ಕೊಳ್ಳುವುದು ಅದರ ಎಲುಬನ್ನು. ಉತ್ತರ ಸಮುದ್ರದಲ್ಲಿ ಹದಿನೈದು ಚಳಿಗಾಲ ಕಳೆದ ಟಗ್ಗಿನ ತಳದ ಪ್ಲೇಟು ದಪ್ಪ, ಚೌಕಟ್ಟು ಒತ್ತೊತ್ತು, ಡೀಸೆಲ್ ಟ್ಯಾಂಕುಗಳು ದೊಡ್ಡವು. ಅಲೆಗೆ ಅದು ಹೇಗೆ ಮೈ ಒಡ್ಡುತ್ತದೆ ಎಂಬುದು ಅದರ ಹಳೆಯ ಕ್ಯಾಪ್ಟನ್‌ಗೆ ಬಾಯಿಪಾಠ, ಊಹಿಸುವ ಕೆಲಸವಿಲ್ಲ. ಒಡಲು ಸಿದ್ಧವಿರುವುದರಿಂದ ಒಂದಿಷ್ಟು ಸಮಯವೂ ಉಳಿಯುತ್ತದೆ.

ಆದರೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಆ ಎಲುಬಿನ ಅಗತ್ಯವೇ ಇಲ್ಲದವರು, ಅಂದರೆ ಗೋವಾ ಬಿಟ್ಟು ಆಚೆ ಹೋಗುವ ಇರಾದೆ ಇಲ್ಲದವರು, ಹಳೆಯ ಹಡಗನ್ನು ಮುಟ್ಟಬಾರದು. ಅಗ್ಗಕ್ಕೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಕೊಂಡವರು ಅತ್ತದ್ದನ್ನು ನೋಡಿದ್ದೇನೆ.

ಇದೆಲ್ಲ ಈಗಿನ ಶೋಕಿಯಾ, ಮೊದಲಿಂದ ಇತ್ತಾ?

ಎಪ್ಪತ್ತು ವರ್ಷದ ಮೇಲಾಯಿತು. ಫ್ರಾನ್ಸಿನ ಸಮುದ್ರ ಅನ್ವೇಷಕ ಕುಸ್ತೋ ಅವರ ಹಡಗು ಕ್ಯಾಲಿಪ್ಸೊ ಮೊದಲಿಗೆ 1942ರಲ್ಲಿ ಅಮೆರಿಕದಲ್ಲಿ ನೀರಿಗಿಳಿದ ಮರದ ಒಡಲಿನ ಮೈನ್‌ಸ್ವೀಪರ್, ಎಂದರೆ ಸಮುದ್ರದ ಸ್ಫೋಟಕಗಳನ್ನು ಹುಡುಕಿ ತೆಗೆಯುವ ಹಡಗು. ಯುದ್ಧ ಮುಗಿದ ಮೇಲೆ ಮಾಲ್ಟಾದಲ್ಲಿ ಜನರನ್ನು ದಾಟಿಸುವ ಫೆರ್ರಿಯಾಗಿತ್ತು. 1950ರಲ್ಲಿ ಕುಸ್ತೋ ಕೈಗೆ ಬಂತು, ಬಾಡಿಗೆ ವರ್ಷಕ್ಕೆ ಒಂದು ಫ್ರಾಂಕ್. ಅದರಲ್ಲಿ ಐಷಾರಾಮ ಕಡಿಮೆ, ಅನ್ವೇಷಣೆ ಜಾಸ್ತಿ.

ಐಷಾರಾಮದ ದಾರಿ ತೋರಿಸಿದ್ದು ಗ್ರೀಕ್ ಹಡಗು ಉದ್ಯಮಿ ಒನಾಸಿಸ್. ಕೆನಡಾದ ನೌಕಾಪಡೆಗೆ ದುಡಿದಿದ್ದ ಸ್ಟಾರ್ಮಾಂಟ್ ಎಂಬ ಫ್ರಿಗೇಟನ್ನು ಅವರು ಗುಜರಿ ಬೆಲೆಗೆ, 34,000 ಡಾಲರಿಗೆ ಕೊಂಡರು. ಜರ್ಮನಿಯ ಕೀಲ್‌ನಲ್ಲಿ ಸುಮಾರು 40 ಲಕ್ಷ ಡಾಲರ್ ಸುರಿದು 1954ರಲ್ಲಿ ಕ್ರಿಸ್ಟಿನಾ ಮಾಡಿಸಿದರು. ಅದರ ಈಜುಕೊಳದ ತಳ ಮೇಲೆದ್ದು ನೃತ್ಯದ ಅಂಗಳವಾಗುತ್ತಿತ್ತು. 1990ರ ದಶಕದಲ್ಲಿ ಟಗ್ಗುಗಳ ಸರದಿ ಬಂತು. 1969ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದ ಭಾರೀ ಟಗ್ ಆರ್ಕ್ಟಿಕ್ ಪಿ ಎಂಬ ಯಾಟ್ ಆಯಿತು. ಇತ್ತೀಚಿನ ಒಂದು ಉದಾಹರಣೆ ರಾಗ್ನಾರ್. 2012ರಲ್ಲಿ ಹಿಮ ಒಡೆಯುವ ಸಪ್ಲೈ ಹಡಗಾಗಿ ಹುಟ್ಟಿ, 2020ರ ಹೊತ್ತಿಗೆ ಹಾಲೆಂಡಿನಲ್ಲಿ 68 ಮೀಟರ್ ಯಾಟ್ ಆಗಿ ಹೊರಬಂತು.

ನಮ್ಮ ಪರ್ಸೀನ್ ಬೋಟನ್ನೇ ಹಿಂಗೆ ಮಾಡೂಕೆ ಬರ್ತದಾ?

ಬೈತಖೋಲದ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವ ನಾಯಕರು, ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಪರ್ಸೀನ್ ಎಂದರೆ ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟು. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡಕ್ಕೆ ಬಂದಾಗ ಕೇಳುತ್ತಾರೆ. ಒಳ್ಳೆಯ ಸಣ್ಣ ವಿಹಾರದೋಣಿ ಮಾಡಬಹುದು, ದೂರಸಮುದ್ರದ ಯಾಟ್ ಆಗುವುದಿಲ್ಲ. ಇಂಜಿನ್ ಒಂದೇ, ಡೀಸೆಲ್ ಜಾಗ ಕಡಿಮೆ. ಮೀನಿನ ಗೋದಾಮಿನ ಗೋಡೆಯೊಳಗಿನ ಥರ್ಮಾಕೋಲು, ಫೋಮು ವರ್ಷಗಟ್ಟಲೆ ಮೀನು ನೀರು ಕುಡಿದಿರುತ್ತದೆ. ಅದನ್ನು ಬುಡಸಮೇತ ಕಿತ್ತು ಹಾಕದೆ ಯಾವ ಸೋಪಿಗೂ ವಾಸನೆ ಹೋಗದು. ಇನ್ನು ಮೀನುಗಾರಿಕೆಗೆಂದು ನೋಂದಾಯಿಸಿದ ಬೋಟಿನಲ್ಲಿ ಪ್ರವಾಸಿಗರನ್ನು ಕೂರಿಸುವಂತಿಲ್ಲ. ನೋಂದಣಿಯನ್ನೇ ಬದಲಿಸಿ, ಹೊಸದಾಗಿ ಸರ್ವೆ, ಅಂದರೆ ಬೋಟಿನ ಅಧಿಕೃತ ತಪಾಸಣೆ, ಮಾಡಿಸಿ, ಬಂದರು ಇಲಾಖೆಯ ಅನುಮತಿ ತೆಗೆದುಕೊಳ್ಳಬೇಕು.

ಹಾಗೆಂದು ಟ್ರಾಲರ್ ಜಾತಿಯೇ ಬೇಡ ಎಂದಲ್ಲ. ಹಾಲೆಂಡಿನ ಸಿಂಟಿಲ್ಲಾ ಮಾರಿಸ್ ಮೂಲದಲ್ಲಿ 1989ರ ಟ್ರಾಲರ್. ಆದರೆ ಅದು 45 ಮೀಟರ್ ಉದ್ದದ, ಉತ್ತರ ಸಮುದ್ರಕ್ಕೆಂದೇ ಕಟ್ಟಿದ ಹಡಗು.

## ಹಡಗು ಆರಿಸುವಾಗ

ಟಗ್, ಸಪ್ಲೈ ಹಡಗು, ಟ್ರಾಲರ್: ಇವುಗಳಲ್ಲಿ ಯಾವುದು ಒಳ್ಳೇದು?

ನನ್ನ ಒಲವು ಸಪ್ಲೈ ಹಡಗಿನ ಕಡೆಗೆ. ಮುಂದೆ ಮನೆ, ಹಿಂದೆ ಉದ್ದಕ್ಕೆ ಬಯಲು ಡೆಕ್. ತೈಲಬಾವಿಗೆ ಪೈಪು ಒಯ್ಯುತ್ತಿದ್ದ ಆ ಡೆಕ್ಕಿನ ಮೇಲೆ ಹೆಲಿಪ್ಯಾಡ್, ಸಣ್ಣ ಬೋಟುಗಳು, ಕ್ರೇನು ಎಲ್ಲ ಕೂರುತ್ತವೆ. ಬಹಳಷ್ಟರಲ್ಲಿ ಡೈನಮಿಕ್ ಪೊಸಿಷನಿಂಗ್ ಇರುತ್ತದೆ. ಹಡಗು ಲಂಗರು ಹಾಕದೆ, ತನ್ನ ಪ್ರೊಪೆಲ್ಲರುಗಳನ್ನೇ ಅತ್ತಿತ್ತ ತಿರುಗಿಸುತ್ತ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಮುರ್ಡೇಶ್ವರದಾಚೆ ನೇತ್ರಾಣಿಯಂಥ ಹವಳದ ಜಾಗದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹವಳದ ಮೇಲೆ ಲಂಗರು ಎಳೆದರೆ ಅದು ಮತ್ತೆ ಬೆಳೆಯಲು ದಶಕಗಳೇ ಬೇಕು.

ಟಗ್ಗಿನ ಒಡಲು ಗಟ್ಟಿ, ರೂಪವೂ ಚೆಂದ. ಆದರೆ ಒಳಗಿನ ಅರ್ಧ ಜಾಗ ಇಂಜಿನ್ನಿನದು.

ಹೊರಗೆ ಬಣ್ಣ ಹೊಳೀತದೆ. ಒಳಗೆ ತುಕ್ಕು ಹಿಡಿದದ್ದು ಗೊತ್ತಾಗೋದು ಹ್ಯಾಂಗೆ?

ಶಿರಸಿಯಲ್ಲಿ ಹಲಸಿನ ಹಣ್ಣು ತಟ್ಟಿ ನೋಡುವುದಿಲ್ಲವೇ? ನಾವು ಶುರುಮಾಡುವುದೂ ಹಾಗೇ. ಸಣ್ಣ ಸುತ್ತಿಗೆಯಿಂದ ಬಡಿದರೆ ಗಟ್ಟಿ ಪ್ಲೇಟು ಗಂಟೆಯಂತೆ ಟಣ್ ಎನ್ನುತ್ತದೆ, ಸವೆದದ್ದು ಬೊದ್ದು ಸದ್ದು ಮಾಡುತ್ತದೆ. ಕಿವಿ ತೋರಿಸಿದ ಕಡೆಗೆ ಉಪಕರಣ ಹಿಡಿಯುತ್ತೇವೆ. ಅಂಗೈ ಅಗಲದಷ್ಟು ಬಣ್ಣ ಉಜ್ಜಿ ತೆಗೆದು, ಅಂಟು ಜೆಲ್ ಹಚ್ಚಿ, ಅಲ್ಟ್ರಾಸೌಂಡ್ ಉಪಕರಣದ ತುದಿಯನ್ನು ಪ್ಲೇಟಿಗೆ ಒತ್ತಿ ಹಿಡಿದರೆ ಪರದೆಯ ಮೇಲೆ ಪ್ಲೇಟಿನ ದಪ್ಪ ಮಿಲಿಮೀಟರಿನಲ್ಲಿ ಮೂಡುತ್ತದೆ. ಅದನ್ನು ಅಲ್ಲೇ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: 9.6, 9.5, 9.6. ಹೀಗೇ ಬರುತ್ತಿದ್ದುದು ಒಮ್ಮೆಲೇ 6.1 ಆಯಿತೆನ್ನಿ, ಸುತ್ತಲಿನವರ ಮಾತು ನಿಲ್ಲುತ್ತದೆ. ಮೂಲ ದಪ್ಪದಲ್ಲಿ ಶೇ. 20ರಿಂದ 25ರಷ್ಟು ಸವೆದಿದ್ದರೆ ಸಾಮಾನ್ಯವಾಗಿ ಆ ಪ್ಲೇಟನ್ನು ಕತ್ತರಿಸಿ ಹೊಸದು ಕೂರಿಸಬೇಕು.

ತುಕ್ಕು ಅಡಗುವ ಜಾಗಗಳು ನಮಗೆ ಗೊತ್ತು: ಹಡಗಿನ ಸಮತೋಲಕ್ಕೆಂದು ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕಿನ ಮೇಲ್ಮೂಲೆ, ಲಂಗರಿನ ಸರಪಳಿ ಸುತ್ತಿಡುವ ಕೋಣೆ, ಸಮುದ್ರದ ನೀರು ಒಳಗೆಳೆಯುವ ಪೆಟ್ಟಿಗೆ, ಮತ್ತು ಅಡುಗೆಮನೆ, ಬಚ್ಚಲಿನ ಸಿಮೆಂಟ್ ನೆಲದ ಕೆಳಗೆ. ಸಿಮೆಂಟು ಒಡೆಯಲು ಒಪ್ಪದ ಮಾರಾಟಗಾರನಿಂದ ಹಡಗು ಕೊಳ್ಳಬೇಡಿ.

ಗುಜರಾತಿನ ಅಲಂಗಿಂದ ಅಗ್ಗಕ್ಕೆ ಒಂದು ತಂದ್ರೆ?

ಅಲಂಗ್ ಹಳೆಯ ಹಡಗುಗಳನ್ನು ಒಡೆಯುವ ಕಡಲತೀರ. ಅಲ್ಲಿಂದ ಹಡಗಿನ ಕುರ್ಚಿ, ಅಡುಗೆಮನೆಯ ಸ್ಟೀಲು, ದೀಪ ತರಬಹುದು. ಹಡಗು ತರಲಾಗದು. ಭರ್ತಿ ಉಬ್ಬರದಲ್ಲಿ ಪೂರ್ತಿ ವೇಗದಲ್ಲಿ ಬಂದು ಕೆಸರಿಗೆ ನುಗ್ಗಿದ ಹಡಗನ್ನು ಹಿಂದಕ್ಕೆ ಎಳೆದು ತೇಲಿಸುವುದು ಆಗುವ ಮಾತಲ್ಲ. ಒಡೆಯುವುದಕ್ಕೆಂದೇ ಅದು ದೇಶದೊಳಗೆ ಬಂದಿರುತ್ತದೆ. ಹಡಗನ್ನು ಅದು ದುಡಿಯುತ್ತಿರುವಾಗಲೇ, ಸರ್ವೆ ಕಾಗದಗಳು ಜೀವಂತವಿರುವಾಗಲೇ ಕೊಳ್ಳಬೇಕು.

ಎಷ್ಟು ಖರ್ಚು, ಎಷ್ಟು ದಿನ?

ಕ್ರಿಸ್ಟಿನಾದ ಲೆಕ್ಕವನ್ನೇ ನೋಡಿ: ಹಡಗಿಗೆ ಕೊಟ್ಟದ್ದರ ನೂರು ಪಟ್ಟಿಗಿಂತ ಹೆಚ್ಚು ಹಣ ಕೆಲಸಕ್ಕೆ ಹೋಯಿತು. ಆ ಅನುಪಾತ ಎಲ್ಲ ಕಡೆ ಇರುವುದಿಲ್ಲ, ಆದರೆ ದಿಕ್ಕು ಅದೇ. ಒಡಲಿನ ಬೆಲೆ ಒಟ್ಟು ಖರ್ಚಿನ ಸಣ್ಣ ಪಾಲು. ನಾನು ಕೆಲಸ ಮಾಡಿದ ಯಾವ ಹಡಗೂ ಒಂದೂವರೆ ವರ್ಷಕ್ಕಿಂತ ಮುಂಚೆ ಮುಗಿಯಲಿಲ್ಲ.

## ಕೆಲಸದ ಅಂಗಳದಲ್ಲಿ

ಹಡಗು ಬಂದ ಕೂಡ್ಲೇ ಮೊದ್ಲು ಎಂತ ಮಾಡ್ತ್ರಿ?

ಕೀಳುವುದು, ತೊಳೆಯುವುದು. ಹಳೆಯ ಹಡಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಹಡಗುಗಳಲ್ಲಿ ಹೊಸದಾಗಿ ಅದನ್ನು ಬಳಸುವುದಕ್ಕೆ 2002ರ ಜುಲೈನಿಂದ ನಿರ್ಬಂಧ ಬಂತು, 2011ರಿಂದ ಪೂರ್ತಿ ನಿಷೇಧ. ಅದಕ್ಕೂ ಹಿಂದಿನ ಹಡಗಾದರೆ ಪೈಪಿನ ಸುತ್ತು, ಗೋಡೆಯ ಹಲಗೆ, ಇಂಜಿನ್ನಿನ ಗ್ಯಾಸ್ಕೆಟ್ಟು ಎಲ್ಲವನ್ನೂ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು. ತರಬೇತಾದವರು ಮುಖವಾಡ ಹಾಕಿ ಅದನ್ನು ಹೊರಗೆ ಹಾಕುವವರೆಗೆ ಬೇರೆ ಯಾರೂ ಒಳಗೆ ಕಾಲಿಡಬಾರದು.

ಆಮೇಲೆ ಟ್ಯಾಂಕುಗಳು. ಮುಚ್ಚಿಟ್ಟ ಟ್ಯಾಂಕಿನಲ್ಲಿ ತುಕ್ಕೇ ಗಾಳಿಯ ಆಮ್ಲಜನಕವನ್ನು ತಿಂದು ಮುಗಿಸಿರುತ್ತದೆ. ಮೂಗಿಗೆ ಯಾವ ವಾಸನೆಯೂ ಬರುವುದಿಲ್ಲ, ಇಳಿದವನು ಏಣಿಯ ಬುಡದಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಹಾರಿದ ಎರಡನೆಯವನೂ ಉಳಿಯುವುದಿಲ್ಲ. ಮೀಟರಿನಲ್ಲಿ ಆಮ್ಲಜನಕ ಶೇ. 20.9 ಎಂದು ಕಾಣದೆ ನಾನು ಯಾರನ್ನೂ ಇಳಿಸಿದವನಲ್ಲ. ನಮ್ಮೂರಲ್ಲಿ ಬೋಟಿನ ಮೀನುಗೋದಾಮು, ಹಳೇ ಬಾವಿಗೆ ಇಳಿಯುವವರಿಗೂ ಇದನ್ನೇ ಕೈಮುಗಿದು ಹೇಳುತ್ತೇನೆ.

ಶಿರಸಿ ಗುಡಿಗಾರರ ಕೆತ್ತನೆ ಹಡಗಿನೊಳಗೆ ಹಾಕೂಕೆ ಬರ್ತದಾ?

ಬರುತ್ತದೆ, ನನ್ನ ಬಹಳ ದಿನದ ಆಸೆಯೂ ಅದೇ. ಆದರೆ ಹಡಗಿನಲ್ಲಿ ಮರ ಎಂದರೆ ಬೆಂಕಿಯ ಲೆಕ್ಕ. ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ನಿಯಮದಂತೆ ಗೋಡೆಯ ಮೇಲೆ ಅಂಟಿಸುವ ಪದರ ಚದರ ಮೀಟರಿಗೆ 45 ಮೆಗಾಜೂಲಿಗಿಂತ ಹೆಚ್ಚು ಶಾಖ ಕೊಡಬಾರದು. ಹಾಗಾಗಿ ಯಾಟ್‌ನಲ್ಲಿ ತೇಗದ ಗೋಡೆ ಎಂದು ಕಾಣುವುದು ಹೆಚ್ಚಾಗಿ ಅಲ್ಯೂಮಿನಿಯಂ ಜೇನುಗೂಡು ಹಲಗೆಯ ಮೇಲೆ ಕಾಗದದಷ್ಟು ತೆಳ್ಳಗೆ ಅಂಟಿಸಿದ ತೇಗ. ಗಟ್ಟಿ ಮರದ ಕೆತ್ತನೆಯನ್ನು ಇಡೀ ಗೋಡೆಗೆ ಹಾಕಲಾಗದು. ಬಾಗಿಲ ನೆತ್ತಿಗೆ, ಒಂದು ಕಂಬಕ್ಕೆ, ಊಟದ ಕೋಣೆಯ ಒಂದು ಫಲಕಕ್ಕೆ ಹಾಕಬಹುದು. ಇಡೀ ಹಡಗಿನ ಕಣ್ಣು ಅಲ್ಲಿಗೇ ಹೋಗುತ್ತದೆ.

ಹಳೇ ಇಂಜಿನ್ ಸದ್ದಿನಲ್ಲಿ ಮಲಗೋದು ಹ್ಯಾಂಗೆ?

ಯಾಟ್ ಮಾಡುವುದೆಂದರೆ ನನ್ನ ಮಟ್ಟಿಗೆ ಮುಕ್ಕಾಲು ಪಾಲು ಸದ್ದಿನ ವಿರುದ್ಧದ ಹೋರಾಟ. ಕೆಲಸದ ಹಡಗಿನ ಮಲಗುವ ಕೋಣೆಯಲ್ಲಿ 60 ಡೆಸಿಬೆಲ್‌ವರೆಗೂ ನಡೆಯುತ್ತದೆ. ಯಾಟ್ ಮಾಲೀಕರು 50ಕ್ಕಿಂತ ಕಡಿಮೆ ಕೇಳುತ್ತಾರೆ. ಜನರೇಟರನ್ನು ರಬ್ಬರಿನ ಎರಡು ಹಂತದ ಕಾಲುಗಳ ಮೇಲೆ ನಿಲ್ಲಿಸುತ್ತೇವೆ. ಕೋಣೆಯ ನೆಲ ಉಕ್ಕಿಗೆ ತಾಗದಂತೆ ಕಲ್ಲುಣ್ಣೆಯ (ರಾಕ್ ವೂಲ್) ಹಾಸಿನ ಮೇಲೆ ತೇಲುತ್ತದೆ, ಗೋಡೆಯೂ ಹಾಗೇ. ಕೋಣೆಯೊಳಗೆ ಇನ್ನೊಂದು ಕೋಣೆ ತೂಗಿಬಿಟ್ಟಂತೆ.

ಒಂದು ಹಡಗಿನಲ್ಲಿ ಎಲ್ಲ ಮುಗಿದು ಸಮುದ್ರಕ್ಕೆ ಹೋದಾಗ ಒಂದೇ ಒಂದು ಕೋಣೆ ಗುಂಯ್ ಎನ್ನತೊಡಗಿತು. ಅಕ್ಕಪಕ್ಕದವು ಶಾಂತ. ಮೂರು ದಿನ ಹುಡುಕಿದೆವು, ನಾನು ಗೋಡೆಗೆ ಕಿವಿ ಹಚ್ಚಿಕೊಂಡೇ ನಡೆದೆ. ಕೊನೆಗೆ ಕಪಾಟಿನ ಹಿಂದೆ ಅಳತೆಗಿಂತ ಉದ್ದದ ಒಂದು ಸ್ಕ್ರೂ ಸಿಕ್ಕಿತು. ಗೋಡೆ ಹಲಗೆ ದಾಟಿ ಹಡಗಿನ ಚೌಕಟ್ಟಿಗೆ ಮುಟ್ಟಿತ್ತು. ಆ ಕೋಣೆಗೆ ಸ್ಕ್ರೂಗಳ ಪಟ್ಟಿ ಬರೆದುಕೊಟ್ಟವನು ನಾನೇ. ಸ್ಕ್ರೂ ಬಿಚ್ಚಿದ ಕ್ಷಣಕ್ಕೆ ಸದ್ದು ನಿಂತಿತು.

ಶಿರಸಿ ಮಾಣಿಗೆ ಈ ಲೈನಿನಲ್ಲಿ ಕೆಲ್ಸ ಇದ್ದಾ?

ಇದೆ ಮಾಣಿ, ಖಂಡಿತ ಇದೆ. ಹಡಗಿನ ವಿನ್ಯಾಸ ಕಲಿಯಬೇಕಾದರೆ ನೇವಲ್ ಆರ್ಕಿಟೆಕ್ಚರ್ ಓದಬೇಕು: ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ, ಖರಗಪುರ ಮತ್ತು ಮದ್ರಾಸ್ ಐಐಟಿ, ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ವಿಶಾಖಪಟ್ಟಣ ಕ್ಯಾಂಪಸ್. ಇಂಜಿನಿಯರಿಂಗೇ ಬೇಕೆಂದಿಲ್ಲ. ಐಟಿಐನಲ್ಲಿ ವೆಲ್ಡಿಂಗ್, ಇಲೆಕ್ಟ್ರಿಷಿಯನ್ ಚೆನ್ನಾಗಿ ಕಲಿತವನಿಗೆ ಶಿಪ್‌ಯಾರ್ಡ್ ಬಾಗಿಲು ತೆರೆದೇ ಇದೆ. ದೂರವೂ ಹೋಗಬೇಕಿಲ್ಲ. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್ಗುಗಳನ್ನು ಕಟ್ಟುತ್ತಿದೆ, ನಾರ್ವೆಯ ಕಂಪನಿಗೆ ಸರಕು ಹಡಗುಗಳನ್ನೂ ಕಟ್ಟಿಕೊಡುತ್ತಿದೆ. ಹೊಸ ಟಗ್ ಕಟ್ಟಿದ ಕೈಗೆ ಹಳೆಯ ಟಗ್ಗಿನ ಒಳಗೂ ಗೊತ್ತಾಗುತ್ತದೆ.

## ಆಳದ ಪ್ರಶ್ನೆಗಳು

ಮೇಲೆ ಮೇಲೆ ಮಹಡಿ ಕಟ್ಟಿದ್ರೆ ಹಡಗು ಮಗುಚೋದಿಲ್ವಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಯಾವಾಗಲೂ ಚಹಾ ಕುಡಿಸುತ್ತೇನೆ, ಏಕೆಂದರೆ ಎಲ್ಲದರ ಬುಡ ಇದೇ.

ಸಾಣಿಕಟ್ಟೆಯ ಉಪ್ಪಿನ ಮೂಟೆಗಳನ್ನು ದೋಣಿಯ ತಳದಲ್ಲಿ ಜೋಡಿಸಿ ಅಲುಗಿಸಿ ನೋಡಿ, ಸಟಕ್ಕನೆ ನೆಟ್ಟಗಾಗುತ್ತದೆ. ಅದೇ ಮೂಟೆಗಳನ್ನು ಎತ್ತರಕ್ಕೆ ಪೇರಿಸಿದರೆ ನಿಧಾನಕ್ಕೆ ತೂಗುತ್ತದೆ. ಇನ್ನೂ ಎತ್ತರ ಮಾಡಿದರೆ ವಾಲಿದ್ದು ಏಳುವುದೇ ಇಲ್ಲ. ಈ ಏಳುವ ಶಕ್ತಿಯನ್ನು ಹಡಗಿನವರು ಜಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಜನರಿಗೆ ಆಶ್ಚರ್ಯವಾಗುವ ಸಂಗತಿ ಇದು: ಸರಕಿಲ್ಲದ ಸಪ್ಲೈ ಹಡಗಿಗೆ ಜಿಎಂ ವಿಪರೀತ ಜಾಸ್ತಿ ಇರುತ್ತದೆ. 14 ಮೀಟರ್ ಅಗಲದ ಹಡಗಿಗೆ ಜಿಎಂ 2.5 ಮೀಟರ್ ಇದ್ದರೆ ಒಂದು ಪೂರ್ತಿ ಹೊರಳಾಟಕ್ಕೆ ಹಿಡಿಯುವುದು ಸುಮಾರು 7 ಸೆಕೆಂಡು. ಬಲಕ್ಕೆ, ಎಡಕ್ಕೆ ಜಾಡಿಸಿ ಎಸೆದಂತಾಗುತ್ತದೆ, ತಟ್ಟೆ ನಿಲ್ಲುವುದಿಲ್ಲ, ಹೊಟ್ಟೆಯೂ ನಿಲ್ಲುವುದಿಲ್ಲ. ಮೇಲೆ ಹಿತಮಿತವಾಗಿ ಮಹಡಿ ಕಟ್ಟಿ ಜಿಎಂ 1.2ಕ್ಕೆ ಇಳಿದರೆ ಹೊರಳಾಟ 10 ಸೆಕೆಂಡಿಗೆ ಹೋಗುತ್ತದೆ, ತೊಟ್ಟಿಲಿನ ಹದ ಬರುತ್ತದೆ. ಅಂದರೆ ಮಹಡಿ ಒಳ್ಳೆಯದನ್ನೂ ಮಾಡಬಲ್ಲದು, ಲೆಕ್ಕ ತಪ್ಪದಿದ್ದರೆ.

ಲೆಕ್ಕ ತಪ್ಪುವುದು ಸಣ್ಣ ಸಣ್ಣದರಲ್ಲಿ. ಮಾಲೀಕರಿಗೆ ನಾಲ್ಕನೇ ಡೆಕ್ಕಿನಲ್ಲಿ 20 ಮಿಲಿಮೀಟರ್ ದಪ್ಪದ ಅಮೃತಶಿಲೆ ಬೇಕು. ಚದರ ಮೀಟರಿಗೆ 54 ಕಿಲೋ, ನೂರು ಚದರ ಮೀಟರಿಗೆ ಐದೂವರೆ ಟನ್ನಿನ ಹತ್ತಿರ. ಅದೂ ಎಲ್ಲಕ್ಕಿಂತ ಮೇಲೆ. ನಾವು ಶಿಲೆಯನ್ನು ತೆಳ್ಳಗೆ ಸೀಳಿ ಹಗುರ ಹಲಗೆಗೆ ಅಂಟಿಸುತ್ತೇವೆ. ಹಡಗಿನೊಳಗೆ ಹೋಗುವ, ಹೊರಗೆ ಬರುವ ಪ್ರತಿ ಸಾಮಾನನ್ನೂ ತೂಗಿ ಬರೆದಿಡುವುದಕ್ಕೆಂದೇ ಒಬ್ಬರಿರುತ್ತಾರೆ. ಅವರು ರಜೆ ಹೋದ ವಾರ ನನಗೆ ನಿದ್ದೆ ಬರುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಗಾಳಿಯಿಲ್ಲದ ಬೆಳಗಿನ ಜಾವ, ಹಗ್ಗಗಳನ್ನು ಸಡಿಲ ಬಿಟ್ಟು, ಬೇಡದ ಜನರನ್ನೆಲ್ಲ ಇಳಿಸುತ್ತೇವೆ. ಹಡಗಿನೊಳಗೆ ನಾಲ್ಕು ಮೀಟರ್ ಉದ್ದದ ತಂತಿಗೆ ಗುಂಡು ಕಟ್ಟಿ ತೂಗುಬಿಟ್ಟು, ಅದು ಅಲುಗಾಡದಿರಲೆಂದು ಗುಂಡನ್ನು ಎಣ್ಣೆ ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ಡೆಕ್ ಮೇಲೆ 8 ಟನ್ ತೂಕವನ್ನು 5 ಮೀಟರ್ ಪಕ್ಕಕ್ಕೆ ಸರಿಸುತ್ತಾರೆ. 2,000 ಟನ್ನಿನ ಹಡಗು ಒಂದು ಡಿಗ್ರಿಯಷ್ಟೂ ವಾಲುವುದಿಲ್ಲ, ಕಣ್ಣಿಗೆ ಏನೂ ಕಾಣದು. ಆದರೆ ತಂತಿ ಮರದ ಪಟ್ಟಿಯ ಮೇಲೆ ಮೆಲ್ಲಗೆ ಸರಿದು ನಿಲ್ಲುತ್ತದೆ. 67 ಮಿಲಿಮೀಟರ್ ಬಂದರೆ ಜಿಎಂ 1.2. ಜಾಸ್ತಿ ಸರಿಯಿತೆಂದರೆ ಹಡಗು ಅಂದುಕೊಂಡದ್ದಕ್ಕಿಂತ ಮೇಲ್ಭಾರ. ಸೀಸದ ಮೊನೆಯ ಪೆನ್ಸಿಲಿನಿಂದ ಆ ಗುರುತು ಹಾಕುವಾಗ ಎರಡು ವರ್ಷದ ಕೆಲಸ ಕೈಯಲ್ಲೇ ನಡುಗುತ್ತದೆ.

ಒಮ್ಮೆ ಡೀಸೆಲ್ ತುಂಬಿದ್ರೆ ಎಷ್ಟು ದೂರ?

ವೇಗದ ಮೇಲೆ ಹೋಗುತ್ತದೆ. ಹಡಗಿನ ವೇಗವನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ (ಸಮುದ್ರದ) ಮೈಲು. ಹಡಗಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ, ಹಾಗಾಗಿ ಒಂದು ಮೈಲಿಗೆ ಸುಡುವ ಡೀಸೆಲ್ ವೇಗದ ವರ್ಗದಂತೆ ಏರುತ್ತದೆ. 10 ನಾಟ್‌ನಲ್ಲಿ 5,000 ನಾಟಿಕಲ್ ಮೈಲು ಹೋಗುವ ಹಡಗು 13 ನಾಟ್‌ನಲ್ಲಿ 3,000ಕ್ಕೇ ಸುಸ್ತು. ಕಾರವಾರದಿಂದ ಲಕ್ಷದ್ವೀಪದ ಕವರತ್ತಿಗೆ ನೇರ ಸುಮಾರು 270 ನಾಟಿಕಲ್ ಮೈಲು. 10 ನಾಟ್‌ನಲ್ಲಿ ಇವತ್ತು ಬೆಳಿಗ್ಗೆ ಹೊರಟರೆ ನಾಳೆ ಮಧ್ಯಾಹ್ನದೊಳಗೆ ತಲುಪಬಹುದು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಇಷ್ಟು ದೊಡ್ಡ ಹಡಗಿನಲ್ಲಿ ಬರೇ 12 ಅತಿಥಿಗಳೇ ಯಾಕೆ?

12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅಂತರರಾಷ್ಟ್ರೀಯ ನಿಯಮದಲ್ಲಿ ಅದು ಪ್ರಯಾಣಿಕ ಹಡಗು. ಗೋಡೆ, ಜೀವರಕ್ಷಕ ದೋಣಿ, ಬೆಂಕಿ ವ್ಯವಸ್ಥೆ, ತಳದ ವಿಭಾಗಗಳು ಎಲ್ಲ ಬೇರೆ ಮಟ್ಟದವು ಬೇಕಾಗುತ್ತವೆ. 13ರಿಂದ 36 ಅತಿಥಿಗಳವರೆಗೆ ಕೆಲವು ದೇಶಗಳ ಧ್ವಜದಡಿ, ಅಂದರೆ ಆ ದೇಶದ ನೋಂದಣಿಯಲ್ಲಿ, ಪ್ರತ್ಯೇಕ ಯಾಟ್ ಸಂಹಿತೆ ಇದೆ, ಆದರೆ ಹಳೆಯ ಒಡಲನ್ನು ಅದಕ್ಕೆ ಒಗ್ಗಿಸುವುದು ಕಷ್ಟ.

ಇಲ್ಲಿ ಹಲವರು ಎಡವುವ ಇನ್ನೊಂದು ಕಲ್ಲು ಇದೆ. ಹಳೆಯ ಹಡಗಿಗೆ ಹಳೆಯ ನಿಯಮವೇ ಸಾಕು ಎಂದುಕೊಳ್ಳುತ್ತಾರೆ. ಹಡಗಿನ ಅಳತೆಯನ್ನೋ ಬಳಕೆಯನ್ನೋ ದೊಡ್ಡದಾಗಿ ಬದಲಿಸಿದರೆ ಬದಲಾದ ಭಾಗಕ್ಕೆ ಹೊಸ ಹಡಗಿನ ನಿಯಮ ಅನ್ವಯಿಸುತ್ತದೆ. ಯಾವುದು ದೊಡ್ಡ ಬದಲಾವಣೆ ಎಂದು ನಿರ್ಧರಿಸುವುದು ಧ್ವಜ ಕೊಡುವ ದೇಶ. ಒಂದು ಪ್ಲೇಟು ಕತ್ತರಿಸುವ ಮೊದಲೇ ಆ ದೇಶದ ಅಧಿಕಾರಿಗಳ ಉತ್ತರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಬೇಕು.

ಇಂಥ ಹಡಗು ಬಂದ್ರೆ ನಮ್ಮ ಕಡಲು ಹೊಲಸಾಗೂದಿಲ್ವಾ?

ಕುರುಮಗಡ ದ್ವೀಪದ ಸುತ್ತ ಬಲೆ ಬಿಡುವವರು ಕೇಳಿದ್ದು, ಕೇಳಲೇಬೇಕಾದದ್ದು. ಶುದ್ಧಮಾಡದ ಶೌಚ ನೀರನ್ನು ದಡದಿಂದ 12 ನಾಟಿಕಲ್ ಮೈಲಿನೊಳಗೆ ಬಿಡುವಂತಿಲ್ಲ. ಒಳ್ಳೆಯ ಪರಿವರ್ತನೆಯಲ್ಲಿ ಶುದ್ಧೀಕರಣ ಯಂತ್ರವನ್ನೂ ದೊಡ್ಡ ಸಂಗ್ರಹ ಟ್ಯಾಂಕನ್ನೂ ಹಾಕುತ್ತೇವೆ, ದ್ವೀಪದ ಬಳಿ ನಿಂತಷ್ಟು ದಿನವೂ ಒಂದು ಹನಿ ಹೊರಗೆ ಹೋಗಬಾರದು. ಹಳೆಯ ಹಡಗಿನ ತಳದ ಬಣ್ಣವನ್ನೂ ನೋಡಬೇಕು. ಶಂಖ, ಚಿಪ್ಪುಗಳಿಗೆ ವಿಷವಾಗುವ ಟಿಬಿಟಿ ಎಂಬ ರಾಸಾಯನಿಕ ಬೆರೆತ ಬಣ್ಣ 2008ರಿಂದ ಜಾಗತಿಕವಾಗಿ ನಿಷಿದ್ಧ. ಹಿಂದಿನ ಪದರ ಉಳಿದಿದ್ದರೆ ಡ್ರೈಡಾಕಿನಲ್ಲಿ, ಅಂದರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆಯಲ್ಲಿ, ಕೆರೆದು, ಆ ಕೆರೆತವನ್ನು ಒಂದು ಚಮಚವೂ ಬಿಡದೆ ಹಿಡಿದಿಡಬೇಕು. ನಮ್ಮ ಕಾಳಿ ನದಿಯ ಬಾಯಲ್ಲಿ, ಅಘನಾಶಿನಿಯ ಚಿಪ್ಪಿನ ನೆಲದಲ್ಲಿ ಇದನ್ನು ಮರೆತವರನ್ನು ಒಳಗೆ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟೆಲ್ಲ ಬದಲಾದ ಮೇಲೆ ಅದು ಅದೇ ಹಡಗಾ? ಹಳೇ ಹೆಸರು ಏನಾಗ್ತದೆ?

ಟಾಗೋರ್ ಬೀಚಿನಲ್ಲಿ ನಿಂತಿರುವ ನೌಕಾಪಡೆಯ ಚಪಲ ಹಡಗನ್ನು ನೋಡಲು ಬಂದ ಶಾಲೆಯ ಹುಡುಗಿಯೊಬ್ಬಳು ಕೇಳಿದ್ದು ಇದು. ಚಪಲ ಮ್ಯೂಸಿಯಂ ಆದರೂ ಹೆಸರು ಉಳಿಸಿಕೊಂಡಿದೆ. ಯಾಟ್ ಆಗುವ ಹಡಗಿಗೆ ಸಾಮಾನ್ಯವಾಗಿ ಹೊಸ ಹೆಸರು. ಹಳೆಯದನ್ನು ಒಡಲಿನ ಮೇಲೆ ವೆಲ್ಡಿಂಗ್ ಗೆರೆಯಿಂದ ಬರೆದಿರುತ್ತಾರೆ, ಉಜ್ಜಿ ತೆಗೆಯುತ್ತೇವೆ. ಬದಲಾಗದ್ದು ಒಂದೇ, ಅದರ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ. ಏಳು ಅಂಕೆ. ಮಾಲೀಕ, ಧ್ವಜ, ಹೆಸರು, ಕೆಲಸ ಏನೇ ಬದಲಾದರೂ ಒಡೆಯುವ ದಿನದವರೆಗೆ ಅದೇ ಸಂಖ್ಯೆ, ಹಡಗಿನ ಮೈಮೇಲೆ ಅಳಿಸದಂತೆ ಕೆತ್ತಿರುತ್ತದೆ. ಅವಳು ನೋಟುಪುಸ್ತಕದಲ್ಲಿ ಏಳು ಚೌಕ ಬರೆದುಕೊಂಡಳು, ಮುಂದಿನ ಸಲ ಬಂದರಿಗೆ ಬರುವ ಹಡಗಿನದ್ದನ್ನು ತುಂಬಿಸಲು.